ಮೊಸರಲ್ಲಿ ಕಲ್ಲು, ಹೆಗಲಲ್ಲಿ ಬೇತಾಳ

ಐದು ಸುತ್ತು ಸಂದರ್ಶನ, ಒಂದು ಪರೀಕ್ಷೆ, ಹಿಂದಿನ ಕಂಪನಿಗಳ ಅನುಭವ ಪತ್ರ. ಇಷ್ಟೆಲ್ಲ ಜರಡಿ ಹಿಡಿದು ‘ಇವರೇ ಸರಿ’ ಎಂದು ಆರಿಸಿಕೊಂಡ ಮನುಷ್ಯನಿಗೆ ಮೂರನೇ ವಾರ ಬಾಸ್ ಕಡೆಯಿಂದ ಒಂದು ಅಪ್ಪಣೆ ಬರುತ್ತದೆ: ‘ಮೇಲ್ ಕಳಿಸೋ ಮುಂಚೆ ನನಗೊಂದ್ಸಲ ತೋರಿಸಿ.’ ತೋರಿಸಿದರೆ ‘ದಯವಿಟ್ಟು ಗಮನಿಸಿ’ ಎಂದಿದ್ದದ್ದು ‘ದಯಮಾಡಿ ಗಮನಿಸಿ’ ಆಗುತ್ತದೆ. ತಿದ್ದಿ ಒಯ್ದರೆ ‘ಗಮನಿಸಬೇಕಾಗಿ ವಿನಂತಿ’. ನಾಲ್ಕನೇ ಸಲ ಮತ್ತೆ ‘ದಯವಿಟ್ಟು ಗಮನಿಸಿ’. ಜೊತೆಗೆ ‘ಈಗ ನೋಡಿ, ಎಷ್ಟು ಚೆನ್ನಾಗಿ ಬಂತು!’ ಅಷ್ಟರಲ್ಲಿ ಫೈಲಿನ ಹೆಸರು ‘ಫೈನಲ್_4_ಹೊಸದು_ಇದೇ_ಫೈನಲ್’. ಗಮನಿಸಬೇಕಾದ ಕ್ಲೈಂಟ್ ಊಟಕ್ಕೆ ಎದ್ದು ಹೋಗಿ ಅರ್ಧ ಗಂಟೆ.

ವಿಕ್ರಮನ ಹೆಗಲ ಮೇಲಿನ ಬೇತಾಳ ಇದಕ್ಕಿಂತ ವಾಸಿ. ಅದು ಕಥೆ ಪೂರ್ತಿ ಹೇಳಿ ಕೊನೆಗೆ ಒಂದೇ ಪ್ರಶ್ನೆ ಕೇಳುತ್ತಿತ್ತು. ನಮ್ಮದು 10:02ಕ್ಕೆ ಮೇಲ್ ಕಳಿಸುತ್ತದೆ, 10:04ಕ್ಕೆ ‘ಮೇಲ್ ನೋಡಿದ್ರಾ?’ ಎಂದು ಚಾಟ್ ಮಾಡುತ್ತದೆ, 10:06ಕ್ಕೆ ‘ಚಾಟ್ ನೋಡಿದ್ರಾ?’ ಎಂದು ಮೇಜಿನ ಬಳಿ ಬಂದು ನಿಲ್ಲುತ್ತದೆ. ಉತ್ತರ ಕೊಡದಿದ್ದರೆ ತಲೆ ಹೋಳು. ಕೊಟ್ಟರೆ ಮತ್ತೆ ಮರ ಹತ್ತುತ್ತದೆ, ಕೆಲಸ ಮೊದಲಿಂದ ಶುರು.

ಇದನ್ನು ಆಡಳಿತ ಕೌಶಲ ಎನ್ನುವವರಿಗೆ ಒಂದು ಹಳೆಯ ಕಡತ ನೆನಪಿಸಬೇಕು. 1944ರ ಜನವರಿಯಲ್ಲಿ, ಮಹಾಯುದ್ಧ ನಡೆಯುತ್ತಿದ್ದಾಗ, ಅಮೆರಿಕದ ಗೂಢಚಾರ ಸಂಸ್ಥೆ ಓಎಸ್‌ಎಸ್ ಒಂದು ಗುಪ್ತ ಕೈಪಿಡಿ ಹೊರಡಿಸಿತು. ಶತ್ರುವಿನ ಹಿಡಿತದಲ್ಲಿರುವ ಕಾರ್ಖಾನೆ, ಕಚೇರಿಗಳನ್ನು ಸಾಮಾನ್ಯ ಜನ ಬಾಂಬಿಲ್ಲದೆ ಹಾಳುಗೆಡವುವುದು ಹೇಗೆ ಎಂಬುದು ಅದರ ವಿಷಯ. ಅದರ ಸಲಹೆಗಳು ಇವು: ಎಲ್ಲವೂ ಕ್ರಮಬದ್ಧ ದಾರಿಯಲ್ಲೇ ಬರಲಿ ಎಂದು ಹಟ ಹಿಡಿಯಿರಿ, ಅಡ್ಡದಾರಿಗೆ ಬಿಡಬೇಡಿ. ಪತ್ರದ ಪದಪದಕ್ಕೂ ಜಗ್ಗಾಡಿ. ಹಿಂದಿನ ಸಭೆಯಲ್ಲಿ ತೀರ್ಮಾನವಾದದ್ದನ್ನು ಮತ್ತೆ ಕೆದಕಿ. ಒಬ್ಬರ ಒಪ್ಪಿಗೆ ಸಾಕಾಗುವ ಕಡೆ ಮೂವರ ಒಪ್ಪಿಗೆ ಇರುವಂತೆ ನೋಡಿಕೊಳ್ಳಿ. ತುರ್ತು ಕೆಲಸ ಇರುವಾಗಲೇ ಸಭೆ ಕರೆಯಿರಿ. ಕೆಲಸಗಾರರ ಉತ್ಸಾಹ ಮುರಿಯಬೇಕಾದರೆ ಕೆಲಸಗೇಡಿಗೆ ಅರ್ಹವಲ್ಲದ ಬಡ್ತಿ ಕೊಡಿ, ಚೆನ್ನಾಗಿ ಮಾಡುವವನಲ್ಲಿ ಸುಮ್ಮಸುಮ್ಮನೆ ತಪ್ಪು ಹುಡುಕಿ.

ಅಂದು ಇದಕ್ಕೆ ಜೀವ ಪಣಕ್ಕಿಡಬೇಕಿತ್ತು. ಈಗ ಇದಕ್ಕೇ ಇನ್‌ಕ್ರಿಮೆಂಟ್ ಕೊಡುತ್ತಾರೆ.

ಲೆಕ್ಕ ಬೇಕಾದರೆ ನೋಡಿ. ದಿನಾ ಬೆಳಿಗ್ಗೆ ‘ಹದಿನೈದೇ ನಿಮಿಷ’ದ ನಿಂತೇ ಮುಗಿಸುವ ಸಭೆ. ಮುಕ್ಕಾಲು ಗಂಟೆ ಎಳೆಯುತ್ತದೆ, ಎರಡನೇ ವಾರದಿಂದ ಎಲ್ಲರೂ ಕುರ್ಚಿ ಎಳೆದುಕೊಳ್ಳುತ್ತಾರೆ. ಎಂಟು ಜನರಿದ್ದರೆ ದಿನಕ್ಕೆ 6 ಗಂಟೆ, ವಾರಕ್ಕೆ 30. ನಲವತ್ತು ಗಂಟೆಯ ವಾರದಲ್ಲಿ ಮುಕ್ಕಾಲು ಆಳನ್ನು ‘ಎಲ್ಲಿಗೆ ಬಂತು?’ ಎಂಬ ಪ್ರಶ್ನೆಗೇ ಆಹುತಿ ಕೊಟ್ಟಂತಾಯಿತು. ಕೆಲಸ ತಡವಾದರೆ ಪರಿಹಾರವೂ ಸಿದ್ಧ: ಸಂಜೆ ಇನ್ನೊಂದು ಸಭೆ.

ಈಗ ಬೇತಾಳ ಇಳಿಸುವ ವಿಧಾನ. ಪೂರ್ತಿ ಇಳಿಯುವುದಿಲ್ಲ, ಭಾರ ಒಂದಿಷ್ಟು ತಗ್ಗುತ್ತದೆ.

ಎರಡು ವಾರ ಬರೆದಿಡಿ: ಯಾವ ಪ್ರಶ್ನೆ, ಎಷ್ಟು ಹೊತ್ತಿಗೆ, ಯಾವ ಕೆಲಸದ ಬಗ್ಗೆ. ಹೆಚ್ಚಿನ ಸಲ ಪ್ರಶ್ನೆಗಳ ಮಳೆ ಬಾಸ್ ತಮ್ಮ ಮೇಲಿನವರ ಮುಂದೆ ಕೂರುವ ಒಂದು ಗಂಟೆ ಮುಂಚೆ ಸುರಿಯುತ್ತದೆ. ನಿಮ್ಮ ಹೆಗಲೇರಿದ ಬೇತಾಳದ ಹೆಗಲ ಮೇಲೂ ಒಂದು ಬೇತಾಳ ಇದೆ. ಅವರ ಸಭೆ ಸೋಮವಾರ 11ಕ್ಕಿದ್ದರೆ ನಿಮ್ಮ ವರದಿ 9:30ಕ್ಕೇ ಹೋಗಲಿ. ನಾಲ್ಕೇ ಸಾಲು: ಮುಗಿದದ್ದು, ನಡೆಯುತ್ತಿರುವುದು, ಸಿಕ್ಕಿಕೊಂಡದ್ದು, ಅವರಿಂದ ಯಾವ ತಾರೀಖಿನೊಳಗೆ ಏನು ಬೇಕು. ಅವರು ಅದನ್ನೇ ಮೇಲಕ್ಕೆ ದಾಟಿಸುತ್ತಾರೆ, ಆಮೇಲೆ ಕೇಳಲು ಹೆಚ್ಚೇನೂ ಉಳಿಯುವುದಿಲ್ಲ.

ಇದರಲ್ಲೂ ಎಡವುವ ಜಾಗಗಳಿವೆ. ‘60 ಶೇಕಡಾ ಆಗಿದೆ’ ಎಂದು ಬರೆಯಬೇಡಿ, ‘ಯಾಕೆ 65 ಇಲ್ಲ?’ ಎಂದು ಕೇಳಿಸಿಕೊಳ್ಳುತ್ತೀರಿ. ‘12ರಲ್ಲಿ 7 ಮುಗಿದಿವೆ’ ಎನ್ನಿ, ಎಣಿಸಿದ್ದನ್ನು ಚೌಕಾಸಿ ಮಾಡಲಾಗದು. ಉಮೇದಿಗೆ ಬಿದ್ದು ಬಣ್ಣದ ಚಾರ್ಟ್ ಹಾಕಿದಿರೋ, ಮುಂದಿನ ವಾರದಿಂದ ಇಡೀ ತಂಡಕ್ಕೆ ಚಾರ್ಟ್ ಕಡ್ಡಾಯ, ಶಾಪವೆಲ್ಲ ನಿಮಗೆ. ದಿನಕ್ಕೆ ಮೂರು ಸಲ ಕಳಿಸಿದರೆ ಮೂರೇ ರೂಢಿಯಾಗುತ್ತದೆ, ಎರಡಕ್ಕಿಳಿದ ದಿನ ‘ಇತ್ತೀಚೆಗೆ ಸ್ವಲ್ಪ ಸಡಿಲವಾಗಿದ್ದೀರಿ.’

ಬಾಯಿಮಾತಿನ ಅಪ್ಪಣೆಯನ್ನು ಹತ್ತು ನಿಮಿಷದೊಳಗೆ ಬರಹಕ್ಕಿಳಿಸಿ. ‘ನೀವು ಹೇಳಿದಂತೆ’ ಎಂದು ಶುರುಮಾಡಿದರೆ ಜಗಳದ ವಾಸನೆ. ‘ನನಗೆ ಅರ್ಥವಾಗಿದ್ದು ಹೀಗೆ, ತಪ್ಪಿದ್ದರೆ ತಿದ್ದಿ’ ಎಂದರೆ ತಿದ್ದುವ ಸುಖ ಅವರಿಗೆ, ದಾಖಲೆ ನಿಮಗೆ. ಅವರ ಮೇಲಿನವರನ್ನು ಸಿಸಿಯಲ್ಲಿ ಸೇರಿಸಬೇಡಿ. ಅದು ಯುದ್ಧ ಘೋಷಣೆ.

ಕರಡನ್ನು ಬೇಗ ತೋರಿಸಿ, ಒರಟಾಗಿಯೇ ತೋರಿಸಿ. ನಯ ಮಾಡಿ ಒಯ್ದರೆ ವಿಷಯ ಬಿಟ್ಟು ಫಾಂಟ್ ನೋಡುತ್ತಾರೆ. ಕೆಲವರು ಬೇಕೆಂದೇ ಒಂದು ಕಣ್ಣಿಗೆ ಹೊಡೆಯುವ ತಪ್ಪು ಬಿಡುತ್ತಾರೆ, ಮಗುವಿನ ಕೆನ್ನೆಗಿಡುವ ದೃಷ್ಟಿಬೊಟ್ಟಿನ ಹಾಗೆ. ಬಾಸ್ ಅದೊಂದನ್ನು ಹಿಡಿದು ತೃಪ್ತರಾಗಿ ಉಳಿದದ್ದನ್ನು ಬಿಟ್ಟುಬಿಡಲಿ ಎಂದು. ಉಪಾಯ ಚೆಂದವೇ, ಆದರೆ ಅವರು ರಜೆಯಲ್ಲಿದ್ದ ದಿನ ಬೊಟ್ಟು ಸಮೇತ ಕ್ಲೈಂಟಿಗೆ ಹೋಗುತ್ತದೆ.

ಇನ್ನು ಮೆಚ್ಚುಗೆ. ಫ್ರೆಡರಿಕ್ ಹರ್ಜ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞ ಸುಮಾರು ಇನ್ನೂರು ಎಂಜಿನಿಯರ್, ಅಕೌಂಟೆಂಟ್‌ಗಳನ್ನು ಮಾತಾಡಿಸಿ 1959ರಲ್ಲೇ ಹೇಳಿದ್ದ: ಜನಕ್ಕೆ ಖುಷಿ ಕೊಡುವುದರಲ್ಲಿ ಸಾಧನೆ, ಗುರುತಿಸುವಿಕೆ ಮುಂದಿವೆ, ಬೇಸರ ತರುವುದರಲ್ಲಿ ಕಂಪನಿಯ ನೀತಿ, ಮೇಲ್ವಿಚಾರಣೆ ಮುಂದಿವೆ. ನಾವು ಅರ್ಥಮಾಡಿಕೊಂಡದ್ದು: ಎರಡನೆಯದನ್ನು ಹೆಚ್ಚಿಸಿ, ಮೊದಲನೆಯದಕ್ಕೆ ಹೆಬ್ಬೆರಳಿನ ಇಮೋಜಿ ಹಾಕಿ. ನಲವತ್ತು ಜನಕ್ಕೆ ಒಟ್ಟಿಗೆ ‘ಗ್ರೇಟ್ ಜಾಬ್ ಟೀಮ್’, ಅದರಲ್ಲಿ ರಾತ್ರಿಯೆಲ್ಲ ಕೂತವರ ಹೆಸರಿಗೇ ಕಾಗುಣಿತ ತಪ್ಪು. ಬೆಂಕಿ ಆರಿಸಿದವನಿಗೆ ಸರ್ಟಿಫಿಕೇಟು, ಅದನ್ನು ಹಚ್ಚಿದವನೂ ಅವನೇ ಆಗಿರಬಹುದು. ಬೆಂಕಿಯೇ ಬೀಳದಂತೆ ನೋಡಿಕೊಂಡವನಿಗೆ ‘ನಿಮಗೇನು, ಆರಾಮ ಅಲ್ವಾ’.

ಹಾಗಾಗಿ ಶುಕ್ರವಾರ ಹೊರಡುವ ಮುಂಚೆ ಹತ್ತು ನಿಮಿಷ: ತಾರೀಖು, ಮಾಡಿದ್ದು, ಮೊದಲು ಎಷ್ಟು, ಈಗ ಎಷ್ಟು. ‘ಪ್ರಕ್ರಿಯೆ ಸುಧಾರಿಸಿದೆ’ ಎಂದರೆ ಗಾಳಿಮಾತು. ‘ವರದಿಗೆ 3 ಗಂಟೆ ಹಿಡಿಯುತ್ತಿತ್ತು, ಈಗ 40 ನಿಮಿಷ’ ಎಂದರೆ ನಿಲ್ಲುತ್ತದೆ. ಅಪ್ರೈಸಲ್ ಹನ್ನೆರಡು ತಿಂಗಳದ್ದು, ಬಾಸ್ ನೆನಪು ಕೊನೆಯ ಮೂರು ವಾರದ್ದು. ಮೆಚ್ಚುಗೆಯ ಮೇಲ್‌ಗಳನ್ನು ಕಚೇರಿ ಮೇಲ್‌ನಲ್ಲೇ ಒಂದು ಫೋಲ್ಡರಿಗೆ ಹಾಕಿ. ಸ್ವಂತ ವಿಳಾಸಕ್ಕೆ ಫಾರ್ವರ್ಡ್ ಮಾಡಿ ನಿಯಮ ಮುರಿದವರಾಗಬೇಡಿ. ‘ಹೇಗಿತ್ತು?’ ಎಂದು ಕೇಳಿದರೆ ಸಿಗುವುದು ‘ಪರವಾಗಿಲ್ಲ’. ‘ಮುಂದಿನ ಸಲ ಯಾವ ಭಾಗ ಹೀಗೇ ಇರಲಿ?’ ಎಂದು ಕೇಳಿ, ಹೊಗಳಿಕೆ ತಾನಾಗಿ ಬಾಯಿಗೆ ಬರುತ್ತದೆ.

ಕೊನೆಗೆ ಅಪ್ರೈಸಲ್ ಫಾರಂ ತುಂಬುತ್ತೀರಿ. ಅದನ್ನೂ ಒಮ್ಮೆ ತೋರಿಸಿಯೇ ಸಲ್ಲಿಸಬೇಕು. ‘ತಗ್ಗಿಸಿದೆ’ ಎಂಬುದು ‘ಇಳಿಸಿದೆ’ ಆಗುತ್ತದೆ, ‘ಇಳಿಸಿದೆ’ ಎಂಬುದು ಮತ್ತೆ ‘ತಗ್ಗಿಸಿದೆ’ ಆಗುತ್ತದೆ, ಮೂರನೇ ಸುತ್ತಿನಲ್ಲಿ ‘ನನ್ನ ಮ್ಯಾನೇಜರ್ ಅವರ ಮಾರ್ಗದರ್ಶನದಲ್ಲಿ’ ಬಂದು ಸೇರಿಕೊಳ್ಳುತ್ತದೆ. ಇರಲಿ ಬಿಡಿ. ಆ 40 ನಿಮಿಷ ಮಾತ್ರ ಹಾಗೇ ಉಳಿದಿದೆಯೇ ನೋಡಿ, ಸಬ್‌ಮಿಟ್ ಒತ್ತಿ. ಎರಡು ನಿಮಿಷದಲ್ಲಿ ಚಾಟ್ ಬರುತ್ತದೆ: ‘ಸಬ್‌ಮಿಟ್ ಮಾಡಿದ್ರಾ?’