ಕುರ್ಚಿಯ ಹಿಂದೆ ನಿಂತವರು

ತುಮಕೂರಿನ ಬಿ.ಎಚ್. ರಸ್ತೆಯ ಹೋಟೆಲಿನಲ್ಲಿ ಭಾನುವಾರ ಮಧ್ಯಾಹ್ನ ಮನೆಮಂದಿಯೆಲ್ಲ ಕೂತು ಉಣ್ಣುವುದೆಂದರೆ ಪರೀಕ್ಷೆ ಬರೆದಂತೆ. ಕುರ್ಚಿ ಖಾಲಿಯಾಗಲೆಂದು ಕಾಯುವವರು ಮೇಲ್ವಿಚಾರಕರಂತೆ ಬೆನ್ನ ಹಿಂದೆ ನಿಂತೇ ಇರುತ್ತಾರೆ. ದೇವರಾಯನದುರ್ಗದ ಬೆಟ್ಟ ಹತ್ತಿಳಿದು ಹಸಿದಿದ್ದಾರೆ, ಸರಿ. ನಾವೇನು ಹೊಟ್ಟೆ ತುಂಬಿಸಿಕೊಂಡು ಹರಟೆಗೆ ಬಂದವರೇ? ಪೂರಿ ಮುರಿದರೆ ದುರುಗುಟ್ಟುವ ನೋಟ, ಸಾರು ಕೇಳಿದರೆ ನಿಟ್ಟುಸಿರು, ಅಪ್ಪ ಎರಡನೇ ಸಲ ಅನ್ನ ಹಾಕಿಸಿಕೊಂಡರೆ ‘ಇನ್ನೂ ಮುಗಿದಿಲ್ಲವೇ’ ಎಂಬ ಗೊಣಗಾಟ. ಇಂದಂತೂ ಅಮ್ಮ ಮಜ್ಜಿಗೆಯ ಲೋಟ ಎತ್ತುವ ಮೊದಲೇ ಮಹಾಶಯರೊಬ್ಬರು ನಮ್ಮ ಮೇಜಿನ ಮೇಲೆ ಹೆಲ್ಮೆಟ್ ಇಟ್ಟು ಜಾಗ ಕಾಯ್ದಿರಿಸಿದರು! ಅದೂ ಹಪ್ಪಳದ ಪಕ್ಕದಲ್ಲೇ. ಮಾಣಿಯೋ, ಮಗಳ ಬಟ್ಟಲಿನಲ್ಲಿ ಪಾಯಸ ಇರುವಾಗಲೇ ಬಿಲ್ಲು, ಸೋಂಪು ತಂದಿಟ್ಟ. ಕೈ ತೊಳೆಯಲು ಎದ್ದ ತಮ್ಮ ಮರಳಿದರೆ ಅವನ ಕುರ್ಚಿಯಲ್ಲಿ ಯಾರದೋ ಅಜ್ಜಿ. ಅಜ್ಜಿಯನ್ನು ಏಳಿ ಎನ್ನಲಾದೀತೇ?