ಗೆಡ್ಡೆಯನ್ನು ಉಪವಾಸ ಕೆಡವಲು ಹೊರಟವರಿಗೆ

ನಿನ್ನೆ ಶಿವಮೊಗ್ಗದ ನೆಂಟರ ಮನೆಯಲ್ಲಿ ಕೇಳಿದ ಮಾತು ಇನ್ನೂ ಕಿವಿಯಿಂದ ಹೋಗಿಲ್ಲ. ಗ್ಲಿಯೋಬ್ಲಾಸ್ಟೋಮಾ ಎಂಬ ಮಾರಕ ಮಿದುಳು ಗೆಡ್ಡೆಯ ಶಸ್ತ್ರಚಿಕಿತ್ಸೆ ಮುಗಿಸಿ ಬಂದಿರುವ ದೊಡ್ಡಪ್ಪನನ್ನು ನೋಡಲು ಬಂದವರೊಬ್ಬರು, "ಗೆಡ್ಡೆಗೆ ರಕ್ತ ಜಾಸ್ತಿ ಹೋಗ್ತದಂತೆ ಅಕ್ಕಾ, ದಾಳಿಂಬೆ, ಬೀಟ್‌ರೂಟ್ ಎಲ್ಲ ನಿಲ್ಸಿ, ರಕ್ತ ಕಡಿಮೆ ಆದ್ರೆ ಅದೇ ಒಣಗ್ತದೆ" ಎಂದು ದೊಡ್ಡಮ್ಮನಿಗೆ ಉಪದೇಶಿಸಿದರು. ದೊಡ್ಡಮ್ಮ ಹಣ್ಣಿನ ತಟ್ಟೆಯನ್ನು ಒಳಗೆ ಒಯ್ದರು. ಎಂಆರ್‌ಐ ವಿಭಾಗದಲ್ಲಿ ನಾನು ದುಡಿದದ್ದನ್ನು ಬಲ್ಲ ನೀವು ನನ್ನ ಸಿಟ್ಟನ್ನೂ ಊಹಿಸಬಲ್ಲಿರಿ.

ಇಂಥ ಗೆಡ್ಡೆ ವಿಇಜಿಎಫ್ ಎಂಬ ಪ್ರೋಟೀನನ್ನು ಸ್ರವಿಸಿ ಹೊಸ ರಕ್ತನಾಳಗಳನ್ನು ಬೆಳೆಸಿಕೊಳ್ಳುವುದು ನಿಜ. ಆದರೆ ಆ ನಾಳಗಳು ಸೊಟ್ಟಗೆ ಸುತ್ತಿಕೊಂಡು, ಅಲ್ಲಲ್ಲಿ ಉಬ್ಬಿ, ಗೋಡೆಯಲ್ಲೆಲ್ಲ ಸೋರುತ್ತಿರುವುದರಿಂದ ರಕ್ತ ಒಂದೆಡೆ ರಭಸದಿಂದ ಹರಿದರೆ ಇನ್ನೊಂದೆಡೆ ನಿಂತೇಬಿಡುತ್ತದೆ. ಬಸಿಗಾಲುವೆ ಕಟ್ಟಿಕೊಂಡ ಅಡಿಕೆ ತೋಟದಲ್ಲಿ ನೀರು ನಿಂತು ಬೇರು ಉಸಿರುಗಟ್ಟುವಂತೆ, ಅಷ್ಟೊಂದು ನಾಳಗಳ ನಡುವೆಯೇ ಗೆಡ್ಡೆಯ ಎಷ್ಟೋ ಭಾಗಕ್ಕೆ ಆಮ್ಲಜನಕ ತಲುಪುವುದಿಲ್ಲ. ಅಂಥ ಕಡೆ ವಿಕಿರಣ ಚಿಕಿತ್ಸೆ ಸರಿಯಾಗಿ ನಾಟುವುದಿಲ್ಲ, ಔಷಧ ಸಮನಾಗಿ ಹರಡುವುದಿಲ್ಲ. ಉಸಿರುಗಟ್ಟಿದ ಜೀವಕೋಶಗಳು ಇನ್ನಷ್ಟು ವಿಇಜಿಎಫ್ ಸ್ರವಿಸುತ್ತವೆ. ಹೀಗಿರುವಾಗ ರೋಗಿಯನ್ನು ರಕ್ತಹೀನತೆಗೆ ತಳ್ಳಿದರೆ, ದೇಹದ ತೂಕದಲ್ಲಿ ಶೇ. 2ರಷ್ಟಿದ್ದು ಶೇ. 20ರಷ್ಟು ಆಮ್ಲಜನಕ ಬಳಸುವ ಮಿದುಳಿನ ಆರೋಗ್ಯವಂತ ಭಾಗವೂ ಸೊರಗುತ್ತದೆ.

ಗೆಡ್ಡೆಗೆ ಹೋಗುವ ರಕ್ತ ತಡೆಯಬೇಕೆಂದು ವಿಜ್ಞಾನಿಗಳೇ ಹೇಳಿದ್ದಾರಲ್ಲ ಎನ್ನಬಹುದು. ಅಮೆರಿಕದ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ 1971ರಲ್ಲಿ ಹಾಗೆ ಪ್ರತಿಪಾದಿಸಿದ್ದರು. ವಿಇಜಿಎಫ್ ತಡೆಯುವ ಬೆವಾಸಿಝುಮ್ಯಾಬ್ ಔಷಧಕ್ಕೆ, ಮರುಕಳಿಸಿದ ಗ್ಲಿಯೋಬ್ಲಾಸ್ಟೋಮಾದ ಚಿಕಿತ್ಸೆಗಾಗಿ, ಅಮೆರಿಕದಲ್ಲಿ 2009ರಲ್ಲಿ ಅನುಮತಿ ಸಿಕ್ಕಿತು. ಆದರೆ ಹೊಸದಾಗಿ ರೋಗ ಪತ್ತೆಯಾದವರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಎರಡು ದೊಡ್ಡ ಪರೀಕ್ಷೆಗಳಲ್ಲಿ ರೋಗ ಉಲ್ಬಣಿಸುವುದು ಕೆಲವು ತಿಂಗಳು ಮುಂದೂಡಿತೇ ಹೊರತು ಒಟ್ಟು ಆಯುಷ್ಯ ಹೆಚ್ಚಲಿಲ್ಲ. ಈ ನಾಳಗಳನ್ನು ನಾಶಮಾಡುವ ಬದಲು ಸರಿದಾರಿಗೆ ತರಬೇಕೆಂದು ಗೆಡ್ಡೆಗಳ ರಕ್ತನಾಳಗಳನ್ನು ಅಧ್ಯಯನ ಮಾಡುವ ವಿಜ್ಞಾನಿ ರಾಕೇಶ್ ಜೈನ್ 2001ರಿಂದಲೂ ವಾದಿಸುತ್ತಿದ್ದಾರೆ. ಗೆಡ್ಡೆ ಕಳಿಸುವ ವಿಇಜಿಎಫ್ ಸಂಕೇತವನ್ನೇ ಗುರಿಯಾಗಿಸಿದ ಔಷಧಕ್ಕೆ ಸಾಧ್ಯವಾಗದ್ದನ್ನು ತಟ್ಟೆಯಿಂದ ದಾಳಿಂಬೆ ತೆಗೆದು ಸಾಧಿಸಲಾಗದು.

ನನ್ನನ್ನು ಹೆಚ್ಚು ಕೆರಳಿಸಿದ್ದು ದೊಡ್ಡಪ್ಪನನ್ನು ನೋಡಲು ಬಂದಿದ್ದ ಅವರ ಎರಡನೆಯ ಸಲಹೆ: ಸ್ಟೀರಾಯ್ಡ್ ಬಿಡಿಸಿ ಎಂಬುದು. ಸೋರುವ ನಾಳಗಳಿಂದ ಮಿದುಳಿನಲ್ಲಿ ತುಂಬುವ ಬಾವನ್ನು ಇಳಿಸುತ್ತಿರುವುದೇ ಡೆಕ್ಸಾಮೆಥಾಸೋನ್ ಎಂಬ ಆ ಸ್ಟೀರಾಯ್ಡ್ ಮಾತ್ರೆ. ಥಟ್ಟನೆ ನಿಲ್ಲಿಸಿದರೆ ತಲೆನೋವು, ವಾಂತಿ ಮರಳಬಹುದು, ಪ್ರಾಣಕ್ಕೇ ಅಪಾಯವಾಗಬಹುದು. "ಡಾಕ್ಟರು ಹೇಳದೆ ಒಂದು ಹೊತ್ತೂ ತಪ್ಪಿಸಬೇಡಿ ದೊಡ್ಡಮ್ಮ" ಎಂದು ಎಲ್ಲರೆದುರೇ ಹೇಳಿದೆ. ಆ ಮಾತ್ರೆಯಿಂದ ರಕ್ತದ ಸಕ್ಕರೆ ಏರುವುದುಂಟು. ಆಹಾರದಲ್ಲಿ ಏನಾದರೂ ಬದಲಿಸಬೇಕಿದ್ದರೆ ಆ ಕಾರಣಕ್ಕೆ, ಸಕ್ಕರೆ ಪರೀಕ್ಷೆ ನೋಡಿ, ಚಿಕಿತ್ಸೆ ಕೊಡುತ್ತಿರುವ ವೈದ್ಯರೇ ಹೇಳುತ್ತಾರೆ.