ಒಂದು ಚಮಚ ತುಪ್ಪದ ಒತ್ತಾಯ

ಬೆಣ್ಣೆ ದೋಸೆಗೆ ಹೆಸರಾದ ದಾವಣಗೆರೆಯಲ್ಲಿದ್ದುಕೊಂಡು ನಾನು ಹಾಲು, ಮೊಸರು, ಬೆಣ್ಣೆ, ತುಪ್ಪಗಳನ್ನು ಬಿಟ್ಟು ನಾಲ್ಕು ತಿಂಗಳಾದವು. ಬಿಡುವುದಕ್ಕಿಂತ ಮನೆಯವರನ್ನು ಒಪ್ಪಿಸುವುದೇ ಹೆಚ್ಚಿನ ಶ್ರಮವಾಗಿದೆ. "ನಾವು ಮೊದಲೇ ಸಸ್ಯಾಹಾರಿಗಳು, ಇನ್ನೇನು ಬಿಡಬೇಕಮ್ಮ?" ಎಂದು ಅತ್ತೆಯವರು ದಿನವೂ ಕೇಳುತ್ತಾರೆ. ಜೋಳದ ರೊಟ್ಟಿ, ಗುರೆಳ್ಳು ಚಟ್ನಿಪುಡಿ, ಹುರುಳಿಕಾಳಿನ ಸಾರು, ಒಗ್ಗರಣೆ ಮಂಡಕ್ಕಿ ಇವ್ಯಾವುದಕ್ಕೂ ಹಾಲಿನ ಹಂಗಿಲ್ಲ. ರಾತ್ರಿ ನೆನೆಸಿದ ಶೇಂಗಾವನ್ನು ರುಬ್ಬಿ ಸೋಸಿದರೆ ಪಾಯಸಕ್ಕೆ ಸಾಕಾಗುವಷ್ಟು ಹಾಲೂ ಸಿಗುತ್ತದೆ. ಬಿ12 ಜೀವಸತ್ವ ಇಂತಹ ಊಟದಿಂದ ದೊರೆಯದೆಂಬುದು ನಿಜ, ಅದಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಇಷ್ಟೆಲ್ಲ ಹೇಳಿದ ಮೇಲೂ, ನಾನು ನೀರು ತರಲು ಎದ್ದಾಗ ಅತ್ತೆಯವರು ನನ್ನ ಅನ್ನಕ್ಕೆ ತುಪ್ಪ ಕಲಸಿಟ್ಟು, ಊಟ ಮುಗಿದ ನಂತರ "ಏನಾಯಿತು ನೋಡು, ಒಂದೇ ಚಮಚ" ಎನ್ನುವುದು ನನಗೆ ಬಹಳ ನೋವು ತರುತ್ತದೆ. ಅವರದು ಪ್ರೀತಿಯೇ, ಬಲ್ಲೆ; ಆದರೆ ನನ್ನ ತಟ್ಟೆಯ ಬಗ್ಗೆ ನನ್ನನ್ನೊಂದು ಮಾತು ಕೇಳಬೇಕಿತ್ತು.

ಸಂಜೆ ಕಸೂತಿಗೆ ಕುಳಿತರೂ ಬಿಡುವಿಲ್ಲ. ಗೂಡಿನೊಳಗಿನ ಹುಳುವನ್ನು ಬಿಸಿಯಲ್ಲಿ ಕೊಂದು ರೇಷ್ಮೆ ತೆಗೆಯುತ್ತಾರೆಂದು ನಾನು ಹತ್ತಿ ದಾರ ಹಿಡಿದರೆ, ಅದಕ್ಕೂ ಪ್ರಶ್ನೆಗಳು. ಕಸೂತಿಯಲ್ಲಿ ಎಳೆ ಎಣಿಸಿಯೇ ಸೂಜಿ ಹಾಕಬೇಕು. ನಿನ್ನೆ ಅದೇ ವಾದದ ನಡುವೆ ಲೆಕ್ಕ ತಪ್ಪಿ, ಎರಡು ಗಂಟೆ ಕುಳಿತು ಹೊಲಿದ ಗೋಪುರದ ಚಿತ್ತಾರವನ್ನು ಪೂರ್ತಿ ಬಿಚ್ಚಿದೆ.